ಕಾರಣ ಕೇಳದ ರಜೆ

ಮಕರ ತಿಂಗಳು ಮುಗಿಯುವ ಹೊತ್ತಿಗೆ, ಫೆಬ್ರವರಿಯ ಎರಡನೇ ವಾರದ ಸುಮಾರಿಗೆ, ತುಳುನಾಡಿನಲ್ಲಿ ಭೂಮಿಗೆ ಮೂರು ದಿನ ಬಿಡುವು ಕೊಡುತ್ತಾರೆ. ಕೆಡ್ಡಸ ಎಂದು ಅದರ ಹೆಸರು. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂಬ ನಂಬಿಕೆಯಲ್ಲಿ ಆ ದಿನಗಳಲ್ಲಿ ಗದ್ದೆಗೆ ನೇಗಿಲು ಇಳಿಯುವುದಿಲ್ಲ, ತೋಟದಲ್ಲಿ ಹಾರೆ ಎತ್ತುವುದಿಲ್ಲ. ಕೊನೆಯ ದಿನ ಹೆಂಗಸರು ಅಂಗಳದ ನೆಲಕ್ಕೆ ಎಣ್ಣೆ ಎರೆದು, ಅರಿಸಿನ ಕುಂಕುಮ ಇಟ್ಟು ಕೈಮುಗಿಯುತ್ತಾರೆ. ಘಟ್ಟ ಹತ್ತಿದರೆ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳು ಸಿಗುತ್ತವೆ. ಅದು ಬಸವನ ದಿನ. ದೇವರೂ ಇದಕ್ಕೆ ಹೊರತಲ್ಲ. ಆಷಾಢ ಶುದ್ಧ ಏಕಾದಶಿಯಂದು ಮಲಗುವ ವಿಷ್ಣು ಏಳುವುದು ಕಾರ್ತಿಕ ಶುದ್ಧ ಏಕಾದಶಿಗೆ. ನಾಲ್ಕು ತಿಂಗಳ ನಿದ್ದೆ. ಲೋಕವನ್ನು ಪಾಲಿಸುವ ಹೊಣೆ ಹೊತ್ತವನೇ ಮಳೆಗಾಲವಿಡೀ ಮಲಗಿರುತ್ತಾನೆ, ಯಾರೂ ಅವನನ್ನು ಸೋಮಾರಿ ಎನ್ನುವುದಿಲ್ಲ.

ಮನುಷ್ಯ ಹೆಣ್ಣಿಗೆ ಅದೇ ಮೂರು ದಿನಗಳಲ್ಲಿ ಸಿಕ್ಕಿದ್ದು ಬಿಡುವಿಗಿಂತ ಹೆಚ್ಚಾಗಿ ಮೈಲಿಗೆಯ ಮೂಲೆ. ಅದನ್ನು ಮರೆತು ಕೆಡ್ಡಸವನ್ನು ಹೊಗಳಲಾರೆ. ಆದರೂ ಈ ಆಚರಣೆಗಳಲ್ಲಿ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಯಾವ ಬಿಡುವೂ ಕೆಲಸ ಮುಗಿಯಿತೆಂದು ಬಂದದ್ದಲ್ಲ. ತಿಥಿ ಬಂತು, ಬಿಡುವು ಬಂತು. ಉಳುವುದು ಎಷ್ಟು ಬಾಕಿ ಇದೆ ಎಂದು ಎತ್ತನ್ನು ಯಾರೂ ಕೇಳುವುದಿಲ್ಲ. ಕಳೆದ ಬೆಳೆ ಚೆನ್ನಾಗಿ ಬಂತೋ ಇಲ್ಲವೋ ಎಂದು ನೋಡಿ ಭೂಮಿಗೆ ಮೂರು ದಿನ ಕೊಡಬೇಕೇ ಎರಡೇ ಸಾಕೇ ಎಂದು ಲೆಕ್ಕ ಹಾಕುವುದಿಲ್ಲ. ಬಿಡುವಿಗೆ ಅರ್ಹತೆ ಬೇಕಿಲ್ಲದ ಒಂದು ಲೋಕ ನಮ್ಮ ಕಣ್ಣೆದುರೇ ಇತ್ತು. ಅದೇ ಲೋಕದ ಮಕ್ಕಳಾದ ನಾವು ಸುಮ್ಮನೆ ಕೂತರೆ ಬೈಸಿಕೊಳ್ಳುತ್ತ ಬೆಳೆದೆವು.

ನಮ್ಮ ಮನೆಯ ಗೋಡೆ ಗಡಿಯಾರವನ್ನು ಬೇಕೆಂದೇ ಮುಂದಿಟ್ಟಿದ್ದರು. ಬಸ್ಸು ತಪ್ಪಬಾರದು. ಜಡೆ ಹೆಣೆಯುವಾಗ ಮಗ್ಗಿ, ದೋಸೆ ತಿನ್ನುವಾಗ ಇಂಗ್ಲಿಷ್ ಪದ್ಯ, ದೋಸೆಯೂ ನಿಂತುಕೊಂಡೇ. ಐದನೇ ತರಗತಿಯಲ್ಲಿ ನವೋದಯ ಪರೀಕ್ಷೆಗೆ ತಯಾರಿ, ಏಳರಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ, ಏಪ್ರಿಲ್ ರಜೆಯಲ್ಲಿ ಮುಂದಿನ ತರಗತಿಯ ಪುಸ್ತಕವನ್ನು ಹಿರಿಯ ಹುಡುಗಿಯರಿಂದ ಬೇಡಿ ತಂದು ಓದುವುದು. ರಾಜ್ಯದಲ್ಲಿ 1994ರಲ್ಲಿ ಸಿಇಟಿ ಬಂದ ಮೇಲೆ ಈ ಓಟಕ್ಕೆ ಒಂದು ಗುರಿಗಂಬ ಸಿಕ್ಕಂತಾಯಿತು. ಮನೆಯಲ್ಲಿ, ಶಾಲೆಯಲ್ಲಿ, ನೆಂಟರ ಮದುವೆಯಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: ಬೇಗ, ಬೇಗ. ಶಾಲಾ ಪ್ರವಾಸದಲ್ಲಿ ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತಿಸಿದಾಗಲೂ, ಬೇಗ ನೋಡಿ ಇಳಿಯಿರಿ, ಇನ್ನೂ ಮೂರು ಜಾಗ ಇದೆ ಎಂದಿದ್ದರು.

ಕರಾವಳಿಯ ಮಕ್ಕಳಿಗೆ ಒಂದೇ ಒಂದು ರಜೆ ಅಪ್ಪಟವಾಗಿ ಸಿಗುತ್ತಿತ್ತು. ಜುಲೈಯಲ್ಲಿ ಆಕಾಶ ಹರಿದು ಸುರಿಯುವಾಗ ಜಿಲ್ಲಾಧಿಕಾರಿಗಳು ಘೋಷಿಸುವ ಮಳೆ ರಜೆ. ಬೆಳಗಿನ ವಾರ್ತೆಗೆ ಕಿವಿಗೊಟ್ಟು, ‘ಇವತ್ತು ರಜೆ’ ಎಂದು ಖಚಿತವಾದಾಗ ಮೈಯೊಳಗೆ ಏನೋ ಸಡಿಲವಾಗುತ್ತಿತ್ತು. ಆ ರಜೆಯನ್ನು ನಾವು ಕೇಳಿದ್ದಲ್ಲ, ಗೆದ್ದದ್ದಲ್ಲ. ಮೇಲಿನಿಂದ ಬಂದದ್ದು, ಹಾಗಾಗಿ ಯಾರೂ ನಮ್ಮನ್ನು ದೂರುವಂತಿರಲಿಲ್ಲ. ಆದರೆ ಅದಕ್ಕೂ ಒಂದು ಬಾಲ ಇರುತ್ತಿತ್ತು. ಮಳೆ ಇಳಿದ ಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ತರಗತಿ ನಡೆಸಿ ಕಳೆದ ದಿನಗಳನ್ನು ಸರಿದೂಗಿಸುತ್ತಿದ್ದರು. ಪಾಠ ಮುಗಿಯಬೇಕಲ್ಲ, ಶಾಲೆಯ ಪಾಲಿಗೆ ಅದು ನ್ಯಾಯವೇ. ಮಗುವಿನ ಮನಸ್ಸಿಗೆ ಇಳಿದ ಪಾಠ ಮಾತ್ರ ಬೇರೆ: ಬಿಡುವು ಎಂದರೆ ಸಾಲ, ಇಂದು ಮಲಗಿದ್ದನ್ನು ನಾಳೆ ಬಡ್ಡಿ ಸಮೇತ ತೀರಿಸಬೇಕು.

ಈ ಪಾಠ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಸಂಬಳ, ಮನೆ, ಮಗು ಎಲ್ಲ ಆದ ಮೇಲೂ ಭಾನುವಾರ ಮಧ್ಯಾಹ್ನ ಮಲಗಿದರೆ ಯಾರೋ ಲೆಕ್ಕ ಬರೆಯುತ್ತಿದ್ದಾರೆ ಎನಿಸುತ್ತದೆ. ನನ್ನ ವಯಸ್ಸಿನ ಎಷ್ಟೋ ಜನ ಇದನ್ನೇ ಹೇಳುತ್ತಾರೆ. ಜ್ವರ ಬಂದರೆ ಅವರಿಗೆ ಒಳಗೊಳಗೇ ಸಮಾಧಾನ. ಈಗ ಮಲಗಲು ಒಂದು ಕಾರಣ ಸಿಕ್ಕಿತು.

ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1981ರಲ್ಲೇ ಅವಸರಕ್ಕೆ ಸಿಕ್ಕ ಮಕ್ಕಳ ಬಗ್ಗೆ ‘ದಿ ಹರೀಡ್ ಚೈಲ್ಡ್’ ಎಂಬ ಪುಸ್ತಕ ಬರೆದಿದ್ದರು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಗುವಿಗೆ ವಿಶ್ರಾಂತಿಯ ಹಕ್ಕಿದೆ ಎನ್ನುತ್ತದೆ. ಆಟಕ್ಕಿಂತಲೂ ಮೊದಲು ವಿಶ್ರಾಂತಿಯ ಹೆಸರಿದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು. ಆಗ ನಾವಿನ್ನೂ ಶಾಲೆಯಲ್ಲಿದ್ದೆವು. ನಮ್ಮ ಊರಿನಲ್ಲಿ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದರೂ ನನ್ನ ಅಪ್ಪ ಬದಲಾಗುತ್ತಿದ್ದರು ಎಂದು ನನಗೆ ಅನಿಸುವುದಿಲ್ಲ. ಅವರ ಅವಸರಕ್ಕೆ ಬೇರು ಬೇರೆಲ್ಲೋ ಇತ್ತು. ಅಜ್ಜ ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗೆ ಉಳುವ ನೆಲ ತಲೆಮಾರಿಗೂ ಉಳಿಯುತ್ತಿತ್ತು. ಚಾಲಗೇಣಿಯವನನ್ನು ಧಣಿ ಮನಸ್ಸು ಮಾಡಿದಾಗ ಎಬ್ಬಿಸಬಹುದಿತ್ತು. ತಾನು ನೆಟ್ಟ ತೆಂಗು ಕಾಯಿ ಬಿಡುವುದನ್ನು ನೋಡಲು ತಾನು ಇಲ್ಲಿರುತ್ತೇನೆಂಬ ಭರವಸೆ ಅಜ್ಜನಿಗೆ ಇರಲಿಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು, ಉಳುವವನಿಗೇ ಹೊಲ. ನಮ್ಮ ಕಡೆ ಜನ ಇವತ್ತಿಗೂ ಅದನ್ನು ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ಡಿಕ್ಲರೇಶನ್‌ನಲ್ಲಿ ನಮಗೆ ಸಿಕ್ಕಿತು ಎನ್ನುವ ಮನೆಯ ಪಕ್ಕದಲ್ಲೇ ಡಿಕ್ಲರೇಶನ್‌ನಲ್ಲಿ ನಮ್ಮದು ಹೋಯಿತು ಎನ್ನುವ ಮನೆ. ಕೊಟ್ಟವರ ಮಕ್ಕಳೂ ಪಡೆದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತೆವು. ಎರಡೂ ಮನೆಗಳಲ್ಲಿ ಹೇಳಿದ್ದು ಒಂದೇ: ನೆಲ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ, ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು. ಓದು. ಬೇಗ ಓದು.

ಅನಿತ್ಯವನ್ನು ನಮ್ಮ ಹಿರಿಯರು ಗ್ರಂಥ ಓದಿ ಕಲಿತವರಲ್ಲ. ಒಂದು ಕಾನೂನಿನಿಂದ, ಒಂದು ನೆರೆಯಿಂದ, ಒಂದು ಸಾವಿನಿಂದ ಕಲಿತರು. ಎಲ್ಲವೂ ಕೈತಪ್ಪಬಹುದು ಎಂದು ಅರಿತವರು ಕೊಟ್ಟ ಉತ್ತರ ಅವಸರ. ನೆಲ ಜಾರುವ ಮೊದಲು ಮಕ್ಕಳನ್ನು ಎಲ್ಲಾದರೂ ಗಟ್ಟಿಯಾದ ಕಡೆ ಹತ್ತಿಸಿಬಿಡಬೇಕು. ಅದರಲ್ಲಿ ಪ್ರೀತಿ ಇತ್ತು, ಭಯ ಇತ್ತು, ಎರಡನ್ನೂ ಬಿಡಿಸಿ ನೋಡಲಾಗದಷ್ಟು ಹೆಣೆದುಕೊಂಡಿದ್ದವು. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಆದರೆ ಅವರು ಕೊಟ್ಟ ಉತ್ತರ ಸರಿಯಿತ್ತೇ ಎಂದು ಕೇಳಲೇಬೇಕಾಗಿದೆ. ಅವರು ತೋರಿಸಿದ ಆ ಗಟ್ಟಿಯಾದ ಕಡೆಗೆ ನಾವು ಬಂದು ನಿಂತಿದ್ದೇವೆ, ಅದೂ ಗಟ್ಟಿಯಾಗಿಲ್ಲ.

‘ಎಸ್ಸೆಸ್ಸೆಲ್ಸಿ ಒಂದು ಮುಗೀಲಿ, ಆಮೇಲೆ ಆರಾಮ.’ ಆಮೇಲೆ ಪಿಯುಸಿ. ಆಮೇಲೆ ಕೆಲಸ, ಆಮೇಲೆ ಮದುವೆ, ಮನೆಯ ಸಾಲ, ಮಕ್ಕಳ ಸೀಟು. ಈ ‘ಆಮೇಲೆ’ ಎಂಬುದು ಒಂದು ಊರು ಎಂದೇ ನಾವು ನಂಬಿದ್ದೆವು. ಅಲ್ಲಿಗೆ ತಲುಪಿದರೆ ಕೆಲಸ ಮುಗಿದಿರುತ್ತದೆ, ಯಾರ ಹಂಗೂ ಇಲ್ಲದೆ ಕೂರಬಹುದು. ಆದರೆ ಈ ಲೋಕದಲ್ಲಿ ಯಾವ ಕೆಲಸ ಮುಗಿದು ಕೂತಿದೆ? ತೊಳೆದ ಪಾತ್ರೆ ರಾತ್ರಿಗೆ ಮತ್ತೆ ಸಿಂಕಿನಲ್ಲಿರುತ್ತದೆ. ಕಲಿತ ತಂತ್ರಾಂಶ ಹಳತಾಗುತ್ತದೆ. ಗುಡಿಸಿದ ಅಂಗಳಕ್ಕೆ ಹಲಸಿನ ಎಲೆ ಬೀಳುವುದನ್ನು ಯಾರೂ ತಡೆಯಲಾರರು. ಪ್ರತಿ ವಸ್ತುವೂ ಕಳೆದುಹೋಗುವ ಗುಣದ್ದೇ ಆದ್ದರಿಂದ ಪ್ರತಿ ಕೆಲಸವೂ ಮರಳಿ ಬರುವ ಗುಣದ್ದು. ಮುಗಿದ ಮೇಲೆ ವಿಶ್ರಾಂತಿ ಎಂದು ಒಪ್ಪಂದ ಮಾಡಿಕೊಂಡವನು ವಿಶ್ರಾಂತಿಯನ್ನು ಬಿಟ್ಟುಕೊಟ್ಟಿದ್ದಾನೆ, ಅಷ್ಟೇ. ಅನಿತ್ಯದ ನಡುವೆ ಬಿಡುವು ಸಿಗುವುದಾದರೆ ಅದು ಕೆಲಸದ ನಡುವೆಯೇ ಸಿಗಬೇಕು, ಬಾಕಿ ಉಳಿದದ್ದು ಬಾಕಿ ಇರುವಾಗಲೇ.

ಈ ಮಾತು ಜೈನ ಕಥೆಗಳಲ್ಲಿ ಬಹಳ ಹಿಂದೆಯೇ ಬಂದುಹೋಗಿದೆ ಎಂದು ನನಗೆ ಅನಿಸುತ್ತದೆ. ಪಂಪನ ‘ಆದಿಪುರಾಣ’ ಕ್ರಿ.ಶ. 941ರದ್ದು. ಅದರಲ್ಲಿ ಬರುವ ಭರತ ಚಕ್ರವರ್ತಿ ಆರು ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬರುತ್ತಾನೆ, ತನ್ನ ವಿಜಯವನ್ನು ಆ ಬೆಟ್ಟದ ಬಂಡೆಯ ಮೇಲೆ ಬರೆಸಬೇಕೆಂದು. ನೋಡಿದರೆ ಬರೆಯಲು ಜಾಗವೇ ಇಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳೇ ತುಂಬಿಕೊಂಡಿವೆ. ಅವರಲ್ಲೊಬ್ಬರ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಗುತ್ತದೆ. ಲೋಕದಲ್ಲಿ ತಾನೇ ಮೊದಲಿಗ ಎಂದು ಬಂದವನಿಗೆ ಆ ಬಂಡೆಯ ಮುಂದೆ ಏನಾಗಿರಬೇಡ! ತನ್ನ ಹೆಸರನ್ನೂ ನಾಳೆ ಒಬ್ಬ ಅಳಿಸುತ್ತಾನೆ ಎಂಬುದು ಅವನಿಗೆ ಅಲ್ಲೇ ಹೊಳೆದಿರಬೇಕು. ನಮ್ಮ ಶಾಲೆಯ ಗೋಡೆಯಲ್ಲೂ ಪ್ರತಿ ವರ್ಷ ಹೆಚ್ಚು ಅಂಕ ಪಡೆದವರ ಹೆಸರಿನ ಹಲಗೆ ಇತ್ತು. ಜಾಗ ತುಂಬಿದಾಗ ಹಳೆಯ ಹಲಗೆ ಕೆಳಗಿಳಿಯಿತು.

ಭರತನ ತಮ್ಮ ಬಾಹುಬಲಿಯ ಕಥೆ ಇನ್ನೂ ಹತ್ತಿರದ್ದು. ಅಣ್ಣನನ್ನು ಗೆದ್ದೂ ರಾಜ್ಯವನ್ನು ಅವನಿಗೇ ಬಿಟ್ಟು ಕಾಡಿಗೆ ಹೋಗಿ ನಿಂತವನು. ಒಂದು ವರ್ಷ ಅಲುಗದೆ ನಿಂತ. ಕಾಲಿನ ಬಳಿ ಹುತ್ತ ಬೆಳೆಯಿತು, ತೊಡೆಗೆ, ತೋಳಿಗೆ ಬಳ್ಳಿ ಹಬ್ಬಿತು. 981ರ ಶ್ರವಣಬೆಳಗೊಳದಲ್ಲೂ 1432ರ ಕಾರ್ಕಳದಲ್ಲೂ 1604ರ ವೇಣೂರಿನಲ್ಲೂ ಶಿಲ್ಪಿಗಳು ಅವನ ಗೊಮ್ಮಟ ವಿಗ್ರಹದ ಮೇಲೆ ಆ ಬಳ್ಳಿಯನ್ನು ಮರೆಯದೆ ಕೆತ್ತಿದ್ದಾರೆ. ಇಷ್ಟೆಲ್ಲ ಆದರೂ ಅವನಿಗೆ ಕೇವಲಜ್ಞಾನ ಆಗಲಿಲ್ಲವಂತೆ. ಏಕೆಂದರೆ ಒಳಗೆ ಒಂದು ಮುಳ್ಳು ಉಳಿದಿತ್ತು: ನಾನು ನಿಂತಿರುವ ಈ ನೆಲವೂ ಭರತನದ್ದೇ. ಭರತನೇ ಬಂದು, ಈ ನೆಲ ನನ್ನದೂ ಅಲ್ಲ ಎಂದು ಕೈಮುಗಿದ ಮೇಲೆ ಆ ಮುಳ್ಳು ಕಳಚಿತು ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ.

ದೇಹ ನಿಂತರೆ ಸಾಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕಥೆ ನನಗೆ ಗೊತ್ತಿಲ್ಲ. ಹುತ್ತ ಬೆಳೆಯುವಷ್ಟು ಕಾಲ ಸುಮ್ಮನಿದ್ದವನ ಒಳಗೂ ಹಂಗು ಉಳಿಯಬಹುದು. ನಾನು ಭಾನುವಾರ ಚಾಪೆಯ ಮೇಲೆ ಮಲಗಿರುವಾಗ ನನ್ನೊಳಗೂ ಒಬ್ಬ ಚಾಲಗೇಣಿಯ ಒಕ್ಕಲು ಎದ್ದು ಕೂರುತ್ತಾನೆ: ಈ ಗಂಟೆ ನಿನ್ನದಲ್ಲ, ಯಾರದೋ ಗಂಟೆಯ ಮೇಲೆ ಮಲಗಿದ್ದೀಯ. ಅಜ್ಜನ ನೆಲ 1974ರಲ್ಲಿ ಅಜ್ಜನದಾಯಿತು. ಕಾಲಕ್ಕೆ ಅಂಥ ಡಿಕ್ಲರೇಶನ್ ಯಾವುದೂ ಬರಲಿಲ್ಲ. ಭರತನ ಉತ್ತರವೇ ಇಲ್ಲೂ ಕೆಲಸಕ್ಕೆ ಬರಬೇಕು. ಹೆಸರು ಬರೆಸಲು ಹೋಗಿ ಬಂಡೆಯಲ್ಲಿ ಜಾಗ ಕಾಣದವನಿಗೆ ಮಾತ್ರ, ಈ ನೆಲ ನನ್ನದೂ ಅಲ್ಲ ಎಂದು ತಮ್ಮನ ಮುಂದೆ ಬಾಗಲು ಸಾಧ್ಯ. ಗಂಟೆಗಳಿಗೆ ಧಣಿಯೇ ಇಲ್ಲದಿದ್ದರೆ ಗೇಣಿ ಕೊಡುವುದು ಯಾರಿಗೆ?

ಅಮ್ಮನಿಗೆ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವಳು ಮಲಗಿರುವಾಗ ಯಾರಾದರೂ ಬಾಗಿಲು ತಟ್ಟಿದರೆ ಸೆರಗು ಸರಿಮಾಡಿಕೊಳ್ಳುತ್ತ ಎದ್ದುಬಂದು, ‘ನಿದ್ದೆ ಏನಿಲ್ಲ, ಸುಮ್ನೆ ಹಾಗೇ ಅಡ್ಡಾಗಿದ್ದೆ’ ಎನ್ನುತ್ತಿದ್ದಳು. ಕಣ್ಣಲ್ಲಿ ನಿದ್ದೆ ಇರುತ್ತಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಇರುತ್ತಿತ್ತು. ಬೆಳಗಿನ ಐದಕ್ಕೆ ಎದ್ದವಳು ಮಧ್ಯಾಹ್ನ ಎರಡಕ್ಕೆ ಮಲಗಿದ್ದನ್ನು ಅಲ್ಲಗಳೆಯಬೇಕಿತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಆ ಅಂಕಿ ಓದಿದಾಗ ನನಗೆ ಅಮ್ಮನ ಕೆನ್ನೆಯ ಗೆರೆಗಳು ನೆನಪಾದವು. ನಾವು ಮಕ್ಕಳು ಬಿಡುವಿನ ನಾಚಿಕೆಯನ್ನು ಶಾಲೆಯಲ್ಲಿ ಮಾತ್ರ ಕಲಿಯಲಿಲ್ಲ. ಬಾಗಿಲ ಬಳಿ ನಿಂತು, ಅವಳ ಆ ಒಂದು ವಾಕ್ಯದಿಂದಲೂ ಕಲಿತೆವು.

ಹಳೆಯ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಎನ್ನುವುದಕ್ಕೆ ಇದನ್ನೆಲ್ಲ ಬರೆಯುತ್ತಿಲ್ಲ. ತುಳುವರ ಆಟಿ ತಿಂಗಳನ್ನೇ ನೋಡಿ. ನಾಟಿ ಮುಗಿದು, ಹೊರಗೆ ಕಾಲಿಡಲಾಗದ ಮಳೆ. ಈಗ ಪಟ್ಟಣಗಳ ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ ಎಂದು ಪತ್ರೊಡೆ, ಕಣಿಲೆ, ತಜಂಕಿನ ವಡೆ ಬಡಿಸಿ ಹಬ್ಬ ಮಾಡುತ್ತೇವೆ. ಅಜ್ಜಿಯ ಕಾಲದಲ್ಲಿ ಅವುಗಳನ್ನು ತಿಂದದ್ದು ಪಣತ ಖಾಲಿಯಾಗಿ ಬೇರೇನೂ ಇಲ್ಲದ್ದರಿಂದ. ಕೈಗೆ ಕೆಲಸವಿರಲಿಲ್ಲ, ಹೊಟ್ಟೆಗೆ ಅನ್ನವೂ ಇರಲಿಲ್ಲ. ಹಸಿದವನ ಸುಮ್ಮನಿರುವಿಕೆಯನ್ನು ವಿಶ್ರಾಂತಿ ಎಂದು ಕರೆಯುವುದು ಅವನಿಗೆ ಮಾಡುವ ಅವಮಾನ.

ಹಸಿವನ್ನು ತಾನಾಗಿ ಆರಿಸಿಕೊಂಡಿದ್ದ ಬುದ್ಧನ ಬದುಕಿನಲ್ಲೂ ಒಂದು ಸಣ್ಣ ಪ್ರಸಂಗ ಇದೆ, ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ. ಆರು ವರ್ಷ ದೇಹವನ್ನು ದಂಡಿಸಿ, ಹೊಟ್ಟೆ ಬೆನ್ನಿಗೆ ಹತ್ತಿ, ಇನ್ನು ಇದಕ್ಕಿಂತ ಹೆಚ್ಚು ಯಾರೂ ಸಹಿಸಿರಲಾರರು ಎಂಬಲ್ಲಿಗೆ ಬಂದಾಗ ಸಿದ್ಧಾರ್ಥನಿಗೆ ಬಾಲ್ಯದ ಒಂದು ಹೊತ್ತು ನೆನಪಾಗುತ್ತದೆ. ಅಪ್ಪ ಹೊಲದ ಕೆಲಸದಲ್ಲಿದ್ದಾಗ ಹುಡುಗ ಜಂಬೂ ಮರದ ತಣ್ಣನೆಯ ನೆರಳಲ್ಲಿ ಕೂತಿದ್ದ. ಯಾರೂ ಏನೂ ಮಾಡು ಎಂದಿರಲಿಲ್ಲ. ಮನಸ್ಸು ತಾನಾಗಿ ನೆಲೆನಿಂತಿತ್ತು. ಆ ನೆನಪಿನ ಮುಂದೆ ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ: ಕಾಮಕ್ಕೂ ಕೇಡಿಗೂ ಸೇರದ ಆ ಸುಖಕ್ಕೆ ನಾನೇಕೆ ಹೆದರುತ್ತಿದ್ದೇನೆ? ಹೆದರಬೇಕಾಗಿಲ್ಲ ಎಂದು ಕಂಡ ಮೇಲೆ ಅನ್ನ ಉಣ್ಣುತ್ತಾನೆ. ಜೊತೆಗಿದ್ದ ಐವರು, ಇವನು ಸುಖಕ್ಕೆ ಬಿದ್ದ ಎಂದು ಅಸಹ್ಯಪಟ್ಟು ಬಿಟ್ಟುಹೋಗುತ್ತಾರೆ.

ಆ ಐವರು ನಮ್ಮ ಒಳಗೂ ಇದ್ದಾರೆ. ಅವರೇನೂ ಕೆಟ್ಟವರಲ್ಲ. ಮುಂದೆ ಬುದ್ಧನ ಮೊದಲ ಉಪದೇಶವನ್ನು ಕೇಳಿಸಿಕೊಂಡವರೂ ಅವರೇ. ಹಾಗಾಗಿ ಅವರೊಡನೆ ಜಗಳಕ್ಕೆ ಹೋಗದೆ, ಅವರು ಎದ್ದು ಹೋಗುವಾಗ ಹೋಗಲು ಬಿಡುವುದನ್ನು ಕಲಿಯುತ್ತಿದ್ದೇನೆ. ಮಲಗಿದ ಕೂಡಲೇ ಮೊದಲು ಬರುವುದು ಪಟ್ಟಿ: ಗ್ಯಾಸ್ ಬುಕ್ ಆಗಿಲ್ಲ, ಅತ್ತೆಗೆ ಫೋನ್ ಮಾಡಿಲ್ಲ, ಸೋಮವಾರದ ಮೀಟಿಂಗಿಗೆ ಏನೂ ಓದಿಲ್ಲ. ಪಟ್ಟಿ ತೀರಿದ ಮೇಲೆ ಹೆಸರಿಲ್ಲದ ಒಂದು ಬಿಗಿತ ಎದೆಯ ಮಧ್ಯೆ ಬಂದು ಕೂರುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಎಷ್ಟೋ ವರ್ಷ ಆ ಬಿಗಿತವನ್ನು ನಾನು ಅಪ್ಪಣೆ ಎಂದುಕೊಂಡು ಎದ್ದುಬಿಡುತ್ತಿದ್ದೆ. ಸತ್ಯನಾರಾಯಣ ಗೋಯೆಂಕಾ 1969ರಿಂದ ಭಾರತದಲ್ಲಿ ಕಲಿಸಿದ ವಿಪಸ್ಸನದ ಹತ್ತು ದಿನಗಳಲ್ಲಿ ಹೇಳಿಕೊಡುವುದು ಬಹುಮಟ್ಟಿಗೆ ಒಂದೇ ಸಂಗತಿ: ದೇಹದಲ್ಲಿ ಎದ್ದದ್ದು ಎದ್ದಿದೆ ಎಂದು ನೋಡು, ಅದು ಇಳಿಯುವುದನ್ನೂ ನೋಡು. ಹಾಗೆ ನೋಡಿದರೆ ಅಪರಾಧಭಾವಕ್ಕೂ ಒಂದು ಆಯುಷ್ಯ ಇರುವುದು ಕಾಣುತ್ತದೆ. ಏರುತ್ತದೆ, ಇನ್ನೇನು ಎದ್ದುಬಿಡಬೇಕು ಎನ್ನುವಷ್ಟು ಏರುತ್ತದೆ, ಆಮೇಲೆ ತೆಳ್ಳಗಾಗುತ್ತದೆ. ಅನಿತ್ಯ ಎಂದರೆ ಮನೆ, ಹೊಲ, ಹೆತ್ತವರು ಹೋಗುತ್ತಾರೆ ಎಂದಷ್ಟೇ ತಿಳಿದಿದ್ದೆ. ನನ್ನನ್ನು ಎಬ್ಬಿಸುವ ಈ ಭಯವೂ ಅದೇ ನಿಯಮಕ್ಕೆ ಒಳಪಟ್ಟಿದೆ, ಅದಕ್ಕೂ ಇಲ್ಲಿ ಶಾಶ್ವತ ಗೇಣಿ ಇಲ್ಲ. ಇದು ತಿಳಿದ ಮೇಲೂ ಕೆಲವು ಭಾನುವಾರ ಎದ್ದುಬಿಡುತ್ತೇನೆ. ಕೆಲವು ಭಾನುವಾರ ಮಲಗಿಯೇ ಇರುತ್ತೇನೆ.

ಈಚೆಗೆ ಕಚೇರಿಗಳಲ್ಲಿ, ಫೋನಿನ ಪರದೆಗಳಲ್ಲಿ ವಿಶ್ರಾಂತಿಯ ಪರವಾಗಿ ಬಹಳ ಮಾತು ಕೇಳಿಬರುತ್ತದೆ: ಚೆನ್ನಾಗಿ ನಿದ್ದೆ ಮಾಡಿ, ನಾಳೆ ಇನ್ನಷ್ಟು ದುಡಿಯಬಹುದು. ಇದನ್ನು ಹೇಳುವವರ ಉದ್ದೇಶ ಒಳ್ಳೆಯದಿರಬಹುದು, ನನಗೆ ಮಾತ್ರ ಇದು ಒಪ್ಪಿಗೆಯಾಗದು. ಇದು ಶನಿವಾರದ ತರಗತಿಯೇ. ನಾಳೆಯ ದುಡಿಮೆಗಾಗಿ ಮಲಗುವವನು ಮಲಗಿದಲ್ಲೂ ದುಡಿಯುತ್ತಲೇ ಇರುತ್ತಾನೆ. ಕೆಡ್ಡಸದ ಮೂರು ದಿನ ಭೂಮಿಯನ್ನು ಬಿಡುವುದು ಮುಂದಿನ ಇಳುವರಿ ಹೆಚ್ಚಲಿ ಎಂದಲ್ಲ; ಅವಳು ಮುಟ್ಟಾಗಿದ್ದಾಳೆ ಎಂದು.

ಬೆಂಗಳೂರಿನಲ್ಲಿ ನಾನು ಮಲಗುವ ಗಂಟೆಯನ್ನು ನನಗೆ ದೊರಕಿಸಿಕೊಡುವವರು ಇದ್ದಾರೆ. ನಮ್ಮ ಮನೆಯ ಪಾತ್ರೆ ತೊಳೆದು, ನೆಲ ಒರೆಸಿ, ಅಲ್ಲಿಂದ ಇನ್ನು ನಾಲ್ಕು ಮನೆಗೆ ಹೋಗುವ ಒಬ್ಬಾಕೆ. ಅವಳ ಬಾಲ್ಯವೂ ಅವಸರದ್ದೇ, ಆದರೆ ಪರೀಕ್ಷೆಯ ಅವಸರವಲ್ಲ. ಸೊಂಟದಲ್ಲಿ ತಮ್ಮ, ತಲೆಯ ಮೇಲೆ ಕೊಡ, ಮೂರನೇ ತರಗತಿಗೆ ಶಾಲೆ ಮುಗಿಯಿತು. ನನ್ನ ಬಿಡುವಿನ ಬಗ್ಗೆ ಇಷ್ಟೆಲ್ಲ ಯೋಚಿಸಿ ಅವಳ ಬಿಡುವಿನ ಬಗ್ಗೆ ಯೋಚಿಸದಿದ್ದರೆ ನನ್ನ ನಿದ್ದೆ ಭರತನ ನೆಲದಲ್ಲೇ ಉಳಿಯುತ್ತದೆ. ಕೆಲಸಕ್ಕೆ ಬಂದಾಗಲೇ ಮಾತಾಗಿತ್ತು: ತಿಂಗಳಿಗೆ ನಾಲ್ಕು ರಜೆ, ಸಂಬಳ ಹಿಡಿಯುವುದಿಲ್ಲ, ಕಾರಣ ಕೇಳುವುದಿಲ್ಲ. ಆದರೂ ಅವಳು ಪ್ರತಿ ಸಲ ಕಾರಣ ಹೇಳುತ್ತಿದ್ದಳು. ಮಗಳಿಗೆ ಜ್ವರ, ಊರಿನಲ್ಲಿ ತಿಥಿ, ರೇಷನ್ ಅಂಗಡಿಯಲ್ಲಿ ಬೆರಳಚ್ಚು. ಬೇಡ, ಹೇಳಬೇಕಿಲ್ಲ ಎಂದರೂ ಹೇಳುತ್ತಿದ್ದಳು, ಸಾಕ್ಷಿಗೆಂದು ಔಷಧಿಯ ಚೀಟಿಯನ್ನೂ ತೋರಿಸುತ್ತಿದ್ದಳು.

ಕಳೆದ ತಿಂಗಳು ಒಂದು ಸಂಜೆ ಪೊರಕೆ ಮೂಲೆಗಿಟ್ಟು, ಚಪ್ಪಲಿ ಮೆಟ್ಟುತ್ತ ಹೇಳಿದಳು: ‘ನಾಳೆ ಬರಲ್ಲ ಅಕ್ಕ. ಮಲಗ್ಬೇಕು.’